ಎರಡನೇ ಕಾರ್ಬುರೇಟರ್

ತೆಂಗಿನೆಣ್ಣೆಗೆ ಸಕ್ಕರೆ ಬೆರೆಸಿ ಜಯಲತಾ ಗಂಡನ ಬಲಗೈಯ ಉಗುರುಗಳನ್ನು ಉಜ್ಜುತ್ತಿದ್ದಳು. ಪ್ರತಿ ಭಾನುವಾರ ಸಂಜೆಯ ಕೆಲಸ. ಈ ಸಲ ಸೋಮವಾರಕ್ಕೆ ಬಂದಿತ್ತು. ಕೈ ತಣ್ಣಗಿತ್ತು, ಬೆರಳುಗಳು ಬಾಗುತ್ತಿರಲಿಲ್ಲ. ಗ್ರೀಸು ಉಗುರಿನ ಸಂದಿ ಬಿಡುತ್ತಿರಲಿಲ್ಲ.

"ಸಾಕು ಮಾರಾಯ್ರೇ ಅತ್ತಿಗೆ," ಎಂದಳು ನಾದಿನಿ ದಮಯಂತಿ. "ಬೆಂಕಿಗೆ ಹೋಗುವ ಕೈ ಅದು. ಕೆಳಗೆ ಶ್ಮಶಾನದ ಗಾಡಿಯವ ಹಾರ್ನ್ ಹೊಡೀತಿದ್ದಾನೆ."

"ಇನ್ನೆರಡು ಬೆರಳು."

"ಆ ಹಾಳು ಫಿಯೆಟ್ಟೇ ನನ್ನ ಅಣ್ಣನನ್ನು ತಿಂದದ್ದು! ಈ ವಯಸ್ಸಿಗೆ ಜನ ಭಜನೆಗೆ ಕೂತ್ಕೊಳ್ತಾರೆ. ಇವ ಕಾರಿನ ಅಡಿಯಲ್ಲಿ ಮಲಗಿದ."

ನಿನ್ನೆ ಬೆಳಿಗ್ಗೆ ಡೊಂಬಿವಲಿಯ ಈ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ, ತೆರೆದ ಬಾನೆಟ್ಟಿನ ಪಕ್ಕದಲ್ಲೇ ತಾರಾನಾಥನ ಎದೆ ನಿಂತಿತ್ತು.

ಮಗ ರಿತೇಶ್ ಬಗ್ಗಿ ಹೇಳಿದ: "ಮಮ್ಮೀ, ಗಾಡೀ ಕಾ ಟೆನ್ಶನ್ ಮತ್ ಲೇನಾ. ಕಲ್ಯಾಣ್ ಕಾ ಭಂಗಾರ್‌ವಾಲಾ ಕಲ್ ಸುಬಹ್ ಲೇ ಜಾಯೇಗಾ."

"ಗುಜರಿಗಾ? ನಾಳೆ ಬೆಳಿಗ್ಗೆಯೇ?" ಬಾಗಿಲಲ್ಲಿ ನಿಂತಿದ್ದ ಹಳೆಯ ಗೆಳೆಯ ಪ್ರೇಮನಾಥ ಬೆಚ್ಚಿದ. "ಎರಡು ಕಾರ್ಬುರೇಟರಿನ ಗಾಡಿ ಮಾರಾಯ ಅದು!" ಮರುಕ್ಷಣ ಅವನ ದನಿ ಇಳಿಯಿತು. "ಇಟ್ಕೊಂಡಾದ್ರೂ ಏನು ಮಾಡೋದು? ಅದನ್ನು ಓಡಿಸಿದ್ದು ಇವನ ಕಿವಿ. ಆ ಕಿವಿಯೇ ಹೋಯ್ತಲ್ಲ ಭಾಭೀ."

ಜಯಲತಾಳ ಕೈ ನಿಂತಿತು. ಮತ್ತೆ ಉಜ್ಜತೊಡಗಿತು.

*

ಮದುವೆಗೆ ಮೊದಲು ತಾರಾನಾಥ, ಪ್ರೇಮನಾಥ ಸೇರಿ ಠಾಣೆಯ ಗ್ಯಾರೇಜೊಂದರಲ್ಲಿ ಹಳೆಯ ಫಿಯೆಟ್‌ಗಳ ಇಂಜಿನ್ ಬಿಚ್ಚಿ ವೇಗ ಕೂಡಿಸುತ್ತಿದ್ದರು. ರಿತೇಶ್ ಹುಟ್ಟಿದ ಮೇಲೆ ಪಾನಾ, ಸ್ಕ್ರೂಡ್ರೈವರುಗಳು ಅಟ್ಟ ಸೇರಿದವು, ತಾರಾನಾಥ ಹೋಟೆಲು ಸೇರಿದ. ಹೋಟೆಲು ಬಿಟ್ಟ ವಾರವೇ ಎಪ್ಪತ್ತನಾಲ್ಕರ ಮಾಡೆಲ್ ಫಿಯೆಟ್ಟೊಂದನ್ನು ಎಳೆಸಿಕೊಂಡು ಬಂದು, ಅದಕ್ಕೆ ಎರಡನೇ ಕಾರ್ಬುರೇಟರ್ ಜೋಡಿಸಿದ. ಜಯಲತಾ ಮಾತು ಬಿಟ್ಟಳು.

ಒಂದು ಭಾನುವಾರ ಅವನೇ ಮೇಲೆ ಬಂದ. "ಒಂದು ನಿಮಿಷ ಬಾ ಜಯಾ. ಎಕ್ಸಿಲೇಟರ್ ಒತ್ತಿ ಹಿಡಿ, ಸಾಕು."

ಇಂಜಿನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಎರಡು ಕಾರ್ಬುರೇಟರುಗಳೂ ಸಮವಾಗಿ ಗಾಳಿ ಎಳೆಯಬೇಕು. ರಬ್ಬರ್ ಕೊಳವೆಯ ಒಂದು ತುದಿ ಸರದಿಯಂತೆ ಅವುಗಳ ಬಾಯಿಗೆ, ಇನ್ನೊಂದು ಕಿವಿಗೆ. ತಾರಾನಾಥ ಬಹಳ ಹೊತ್ತು ಆಲಿಸಿ ತಲೆಯೆತ್ತಿದ. ಹೋಟೆಲಿನ ಗ್ರೈಂಡರು, ಎಗ್ಸಾಸ್ಟ್ ಫ್ಯಾನುಗಳು ಅವನ ಕಿವಿಯನ್ನು ತಿಂದುಹಾಕಿದ್ದವು.

"ನಂಗೆ ಕೇಳ್ತಾ ಇಲ್ಲ."

ಕೊಳವೆ ಅವಳ ಕಿವಿಗೆ ಬಂತು. "ಮೊದಲನೇದು ನೆಮ್ಮದಿಯಾಗಿ ಉಸಿರಾಡ್ತದೆ," ಎಂದಳು. "ಎರಡನೇದಕ್ಕೆ ಏದುಸಿರು."

ಅವನು ಸ್ಕ್ರೂ ತಿರುಗಿಸಿದ. "ಈಗ?"

"ಇನ್ನೂ ಸ್ವಲ್ಪ. ಹಾಂ... ಬೇಡ, ಹಿಂದೆ."

ಆಮೇಲಾಮೇಲೆ ಎಕ್ಸಿಲೇಟರ್ ಒತ್ತಲು ಅವನೇ ಸೀಟಿನಲ್ಲಿ ಕೂತ. ಸ್ಕ್ರೂಡ್ರೈವರೂ ಅವಳ ಕೈಗೇ ಬಂತು. "ಪ್ರೇಮನಿಗೆ ಹೇಳ್ಬೇಡ, ಮರ್ಯಾದೆ ಹೋಗ್ತದೆ," ಎಂದು ನಕ್ಕಿದ್ದ. ಅವಳು ಹೇಳಲಿಲ್ಲ. ವಾರವಿಡೀ ತಾನು ಭಾನುವಾರಕ್ಕೆ ಕಾಯುತ್ತೇನೆಂಬುದನ್ನು ಅವನಿಗೂ ಹೇಳಿರಲಿಲ್ಲ.

*

ಗಂಡಸರು ಶ್ಮಶಾನದಿಂದ ಮರಳಿದರೂ ಜಯಲತಾ ಮಿಂದಿರಲಿಲ್ಲ. ಅಡುಗೆಮನೆಗೆ ಹೋಗುವಳು, ಬಾಲ್ಕನಿಗೆ ಬರುವಳು, ಸರಿಯಾಗಿಯೇ ಇದ್ದ ಪರದೆಯನ್ನು ಎಳೆಯುವಳು.

"ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀರಾ? ಹೆಣ ಹೋದ ಮನೆ ಇದು, ಮೀಯಲಿಕ್ಕೆ ಹೋಗಿ," ಎಂದು ದಮಯಂತಿ ಅವಳನ್ನು ಬಚ್ಚಲಿಗೆ ದೂಡಿದಳು.

ನಲ್ಲಿ ತಿರುಗಿಸಿ ತಲೆಗೆ ಮೊದಲ ಚೊಂಬು ಸುರಿದುಕೊಂಡಾಗ, ಕಿಟಕಿಯ ಕೆಳಗಿನ ಪಾರ್ಕಿಂಗಿನಿಂದ ರಿತೇಶನ ದನಿ ಕೇಳಿಸಿತು: "ಅಂಕಲ್, ಏಕ್ ಬಾರ್ ಸ್ಟಾರ್ಟ್ ಕರ್‌ಕೇ ದೇಖೋ ನಾ."

ಇಂಜಿನ್ ಕೆಮ್ಮಿತು, ನಡುಗಿತು, ನಿಂತಿತು.

"ನೋಡು, ಮಾಲಿಕ ಹೋದದ್ದು ಇದಕ್ಕೂ ಗೊತ್ತಾಗಿದೆ," ಎಂದ ಪ್ರೇಮನಾಥ. ಯಾರೋ ನಕ್ಕರು, ನಗಬಾರದೆಂದು ನೆನಪಾಗಿ ಸುಮ್ಮನಾದರು.

ಅದಕ್ಕೆ ಯಾರು ಹೋದದ್ದೂ ಗೊತ್ತಿಲ್ಲ, ಎಂದುಕೊಂಡಳು ಜಯಲತಾ. ನಿನ್ನೆ ಅವಳು ದೋಸೆ ಮುಗಿಸಿ ಇಳಿಯುವಷ್ಟು ತಾಳ್ಮೆ ಅವನಿಗಿರಲಿಲ್ಲ. ಕೇಳಿಸದ ಕಿವಿಯಲ್ಲಿ ಒಬ್ಬನೇ ಸ್ಕ್ರೂ ತಿರುಗಿಸಿದ್ದಾನೆ, ಅದೂ ತಪ್ಪು ದಿಕ್ಕಿಗೆ. ಸಿಟ್ಟು ಬಂತು, ಅದರ ಹಿಂದೆಯೇ ನಿನ್ನೆಯಿಂದ ಬಾರದಿದ್ದ ಅಳು.

ನಾಳೆ ಗುಜರಿಯವನು ಗೇಟಿನಿಂದಲೇ ಮರಳಬೇಕು. ಮಗ ಏನೆನ್ನುತ್ತಾನೋ, ದಮಯಂತಿ ಏನೆನ್ನುತ್ತಾಳೋ.

"ಅತ್ತಿಗೆ, ಮಿಂದಾಯ್ತಾ?" ಹೊರಗಿನಿಂದ ಕರೆ ಬಂತು.

ಕೆಳಗೆ ಇಂಜಿನ್ ಮತ್ತೊಮ್ಮೆ ಹತ್ತಿಕೊಂಡಿತು. ಜಯಲತಾ ನಲ್ಲಿ ನಿಲ್ಲಿಸಿ, ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿ, ಕಿಟಕಿಯ ಗಾಜುಪಟ್ಟಿಗಳ ನಡುವೆ ಕಿವಿಯಿಟ್ಟಳು.