ಚಮಚ ಕೊಕ್ಕನ್ನು ಮೊದಲು ಕಂಡವರು

ಊರಿನ ಹಕ್ಕಿ ನೋಡುವವರ ಸಂಘಕ್ಕೆ ಹನ್ನೊಂದು ಜನ ಸದಸ್ಯರು, ಹನ್ನೊಂದು ದುರ್ಬೀನು, ಒಂದೇ ಒಂದು ರಿಜಿಸ್ಟರು. ಅಪರೂಪದ ಹಕ್ಕಿ ಕಂಡರೆ ಅದರಲ್ಲಿ ‘ಮೊದಲು ಕಂಡವರು’ ಎಂಬ ಕಲಮಿನಲ್ಲಿ ಹೆಸರು ಏರುತ್ತಿತ್ತು. ಆದರೆ ಸದಸ್ಯರಿಬ್ಬರು ಕಣ್ಣಾರೆ ನೋಡಿರಬೇಕು, ಇಲ್ಲವಾದರೆ ‘ಖಚಿತವಿಲ್ಲ’. ರಿಜಿಸ್ಟರು ಸದಾ ಇರುತ್ತಿದ್ದದ್ದು ನಿವೃತ್ತ ಭೂಗೋಳದ ಮೇಷ್ಟ್ರ ಕಂಕುಳಲ್ಲಿ.

ಚರಂಡಿ ನೀರಿನ ಪಂಪ್‌ಹೌಸ್ ನಡೆಸುವ ಅಕ್ಕ ಮೂರು ವಾರದ ಹಿಂದೆ ತಮ್ಮನ ಕೈಯಲ್ಲಿ ಹೇಳಿಕಳಿಸಿದ್ದಳು: ಅಂಗೈಯಲ್ಲಿ ಹಿಡಿಸುವಂಥ, ಕೊಕ್ಕಿನ ತುದಿ ಚಮಚದ ಹಾಗಿರುವ ಹಕ್ಕಿಯೊಂದು ಪಂಪ್‌ಹೌಸಿನ ಚರಂಡಿ ಕೊಳಕ್ಕೆ ಬಂದಿದೆ. ಕರಾವಳಿಯವರೆಲ್ಲ ಹತ್ತು ವರ್ಷದಿಂದ ಹುಡುಕುತ್ತಿದ್ದ ವಲಸೆ ಹಕ್ಕಿ ಅದು. ಬಸ್ ಕಂಡಕ್ಟರ್ ಆಗಿದ್ದ ಆ ತಮ್ಮನೇನೋ ಸಂಘದ ಸದಸ್ಯ, ಅವಳಲ್ಲ. ಮೇಷ್ಟ್ರು ಹೋಗಿ ನೋಡುವ ಗೋಜಿಗೂ ಹೋಗದೆ ಕೂತಲ್ಲೇ ‘ಖಚಿತವಿಲ್ಲ’ ಎಂದು ಗೀಚಿ, ಹೆಸರಿನ ಜಾಗ ಖಾಲಿ ಬಿಟ್ಟರು.

ಅದು ಅಕ್ಕನಿಗೆ ಚುಚ್ಚಿತು. ಹದಿನಾರು ವರ್ಷ ಆ ಕೊಳದ ದಂಡೆಯಲ್ಲಿ ದುಡಿದವಳ ಕಣ್ಣಿಗೆ ಬೆಲೆಯಿಲ್ಲವೇ? ಆ ಖಾಲಿ ಜಾಗದಲ್ಲಿ ತನ್ನ ಹೆಸರು ಬೀಳಲೇಬೇಕೆಂದು ಹಟ ಹಿಡಿದು, ಭಾನುವಾರ ಸಂಘದವರ ಜೊತೆ ಸಮುದ್ರದಂಡೆಗೆ ಬಂದೇಬಿಟ್ಟಳು.

ನೀರು ಇಳಿದಿತ್ತು. ಕೆಸರಿನ ಮೇಲೆ ಪುಟ್ಟ ಹಕ್ಕಿಗಳು ಪುಟಪುಟನೆ ಓಡಾಡುತ್ತಿದ್ದವು. ದುರ್ಬೀನು ಕಣ್ಣಿಗೊತ್ತಿಕೊಂಡಿದ್ದ ಮೇಷ್ಟ್ರು ಇದ್ದಕ್ಕಿದ್ದಂತೆ ಮುಂದಕ್ಕೆ ಬಾಗಿದರು. ಚಮಚ ಕೊಕ್ಕು ಎಂದು ಉಸುರಿದರು. ಸಂಘದಲ್ಲಿದ್ದ ಹಲ್ಲಿನ ಡಾಕ್ಟರೂ ನೋಡಿ ಹೌದೆಂದರು. ಅಲ್ಲಿಗೆ ಇಬ್ಬರಾಯಿತು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ತಮ್ಮ ಹೆಸರನ್ನು ಮುದ್ದಾಗಿ ಬರೆಯತೊಡಗಿದರು. ಅಕ್ಕ ತಮ್ಮನ ದುರ್ಬೀನು ಕಿತ್ತುಕೊಂಡು ನೋಡಿದಳು.

“ಸ್ವಲ್ಪ ತಡೀರಿ ಮೇಷ್ಟ್ರೇ. ಅದು ಮೂತಿ ತೊಳ್ಕೊಳ್ಲಿ.”

ಹಕ್ಕಿ ಕೊಕ್ಕನ್ನು ನೀರಿಗೆ ಅದ್ದಿ ಒದರಿತು. ಚಮಚ ಕರಗಿಹೋಯಿತು. ಅದು ಕೆಸರಿನ ಮುದ್ದೆ; ಉಳಿದದ್ದು ಸೂಜಿಯಂಥ ಮಾಮೂಲಿ ಕೊಕ್ಕು. ತಮ್ಮ ದವಾಖಾನೆಯ ಕುರ್ಚಿಯಲ್ಲಿ ಇಷ್ಟು ಬೇಗ ಯಾರ ಬಾಯಿಯೂ ಸ್ವಚ್ಛವಾದದ್ದಿಲ್ಲ ಎಂದು ಡಾಕ್ಟರು ನಕ್ಕರು. ಮೇಷ್ಟ್ರು ಮಾತ್ರ ಅರ್ಧ ಬರೆದ ಹೆಸರನ್ನು ಹೊಡೆದುಹಾಕುತ್ತಿದ್ದರು.

ನಿಜವಾದದ್ದು ಹೀಗೆ ಕುಕ್ಕುವುದಿಲ್ಲ, ಚಮಚವನ್ನು ಕೆಸರಿಗೆ ಊರಿ ತಳ್ಳಿಕೊಂಡು ಹೋಗುತ್ತದೆ, ತಾನು ಚರಂಡಿ ಬಳಿಯುವ ಹಾಗೆ ಎಂದಳು ಅಕ್ಕ. ನಂಬಿಕೆಯಿಲ್ಲದಿದ್ದರೆ ಬಂದು ನೋಡಿ ಎಂದು ಮುಂದೆ ನಡೆದಳು. ಬೇರೆ ದಾರಿಯಿಲ್ಲದೆ ಎಲ್ಲರೂ ಹಿಂಬಾಲಿಸಿದರು.

ಕೊಳದ ಗೇಟಿನಲ್ಲೇ ಎಲ್ಲರ ಕೈ ಮೂಗಿಗೆ ಹೋಯಿತು. ಹೊಲಸು ಇಡೀ ಊರಿನದು, ನಾತ ಮಾತ್ರ ಪಂಪ್‌ಹೌಸಿನವರ ಪಾಲಿಗೆ. ಆದರೆ ಮೂಗು ಹಿಡಿದ ಕೈಯಲ್ಲಿ ದುರ್ಬೀನು ನಿಲ್ಲುವುದಿಲ್ಲ. ಒಬ್ಬೊಬ್ಬರಾಗಿ ಮೂಗು ಬಿಟ್ಟರು. ಆಚೆ ದಂಡೆಯಲ್ಲಿ ಅದು ಇತ್ತು. ತಲೆ ತಗ್ಗಿಸಿ, ಕೆಸರನ್ನು ಆಚೀಚೆ ಸರಿಸುತ್ತಾ ಬಂತು. ಎರಡು ಸಲ ನೀರಿಗೆ ಅದ್ದಿದರೂ ಚಮಚ ಕರಗಲಿಲ್ಲ. ಮೇಷ್ಟ್ರ ಕಣ್ಣಲ್ಲಿ ನೀರು. ನಾತಕ್ಕಲ್ಲ ಎಂದು ಅವರೇ ಹೇಳಿಕೊಂಡರು.

ಆಮೇಲೆ ರಿಜಿಸ್ಟರು ತೆರೆದು ‘ಮೊದಲು ಕಂಡವರು: ಸಂಘದ ಸದಸ್ಯರು’ ಎಂದು ಬರೆದರು.

“ಸಂಘಕ್ಕೆ ಇವತ್ತು ಕಂಡಿದೆ. ನನಗೆ ಕಂಡು ಮೂರು ವಾರ ಆಯ್ತು,” ಎಂದಳು ಅಕ್ಕ.

ಮೇಷ್ಟ್ರು ನಿಯಮ ಎಂದು ಏನೋ ಗೊಣಗಿದರು. ತಮ್ಮ ಬಾಯಿ ಹಾಕಿದ: “ಸಾರ್, ಟಿಕೆಟ್ಟು ಹತ್ತಿದ ಸ್ಟಾಪಿಂದ ಕೊಡ್ತಾರೆ, ಕಂಡಕ್ಟರ್ ನೋಡಿದ ಸ್ಟಾಪಿಂದಲ್ಲ.”

ನಗು ಮೇಷ್ಟ್ರಿಗೂ ತಡೆಯಲಾಗಲಿಲ್ಲ. ಹಾಳೆ ಹಿಂದಕ್ಕೆ ತಿರುವಿ ‘ಖಚಿತವಿಲ್ಲ’ ಎಂಬುದನ್ನು ಹೊಡೆದರು, ಖಾಲಿ ಜಾಗದಲ್ಲಿ ಅವಳ ಹೆಸರು ಬರೆದರು. ಅಕ್ಕ ಗಟ್ಟಿಯಾಗಿ ಓದಿಸಿದಳು. ಹೆಸರು ಸರಿಯಿತ್ತು, ತಾರೀಖು ಸರಿಯಿತ್ತು. ಸ್ಥಳ: ಕರಾವಳಿಯ ಜೌಗು ಪ್ರದೇಶ.

“ಯಾವ ಜೌಗು? ಚರಂಡಿ ಕೊಳ ಅಂತ್ಲೇ ಬರೀರಿ. ಅಷ್ಟು ದೂರದಿಂದ ಬಂದ ಹಕ್ಕಿಗೇ ನಾಚಿಕೆ ಇಲ್ಲ, ನಿಮಗ್ಯಾಕೆ?”

ಮೇಷ್ಟ್ರು ಬರೆದರು. ಅಕ್ಕ ಇನ್ನೊಂದು ಸಲ ಓದಿಸಿದಳು.