ಆನೆ ದಾಟುವವರೆಗೆ

ಪಟಾಕಿ ಸರವನ್ನು ಮಣ್ಣುದಾರಿಯ ಮೇಲೆ ಹಾಸಿ, ಕೃಷ್ಣಸಾಮಿ ಊದುಬತ್ತಿ ಹೊತ್ತಿಸಿಕೊಳ್ಳುತ್ತಿದ್ದಾಗ ಮುಂದೆ ತಮಟೆ ತಟ್ಟನೆ ನಿಂತಿತು.

"ಆನೆ! ಆನೆ!"

ಸುಡುಗಾಡಿಗೆ ಹೋಗುವ ದಾರಿಗೆ ಅಡ್ಡವಾಗಿ ಒಂದು ಹೆಣ್ಣಾನೆ ಬಾಳೆತೋಟದಿಂದ ಬಂದು ನಿಂತಿತ್ತು. ಅದರ ಹೊಟ್ಟೆಯಡಿ ಒಂದು ಮರಿ. ಚಟ್ಟ ಹೊತ್ತವರು ಗಾಬರಿಯಿಂದ ಅದನ್ನು ನೆಲಕ್ಕಿಳಿಸಿದರು. ಸೇವಂತಿಗೆ ಹಾರಗಳಡಿ ಮಲಗಿದ್ದವನು ಕೃಷ್ಣಸಾಮಿಯ ಅಣ್ಣ ದೇವರಾಜನ್. ತೊಂಡಾಮುತ್ತೂರಿನ ಸುತ್ತಲಿನ ಮಕ್ಕಳನ್ನು ವ್ಯಾನಿನಲ್ಲಿ ಸ್ಕೂಲಿಗೆ ಬಿಡುತ್ತಿದ್ದವನು. ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ. ಸದ್ದಿಲ್ಲದೆ ಬದುಕಿದ ಅಣ್ಣ ಹೋಗುವಾಗಲಾದರೂ ಊರಿಗೆಲ್ಲ ಕೇಳಿಸಲಿ ಎಂದು ಕೃಷ್ಣಸಾಮಿಯೇ ಹೋಗಿ ಎಲ್ಲಕ್ಕಿಂತ ಉದ್ದನೆಯ ಸರ ತಂದಿದ್ದ.

"ಹಚ್ಚಪ್ಪಾ, ಓಡೋಗ್ತದೆ," ಎಂದ ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಲಿಂಗಪ್ಪನ್. "ಹೊತ್ತು ಮುಳುಗ್ತಾ ಬಂತು."

ಊರಂಚಿನವರೆಗೆ ಕಳಿಸಿಕೊಡಲು ಬಂದಿದ್ದ ಮಕ್ಕಳ ಗುಂಪಿನಿಂದ ಒಬ್ಬಳು ಮುಂದೆ ಬಂದಳು. ತೆನ್ಮೊಳಿ; ಐದನೇ ಕ್ಲಾಸು. ಅಳು ಇನ್ನೂ ಮುಖದ ಮೇಲೆ ಒಣಗಿರಲಿಲ್ಲ.

"ತಾತಾ, ಪಟಾಸು ಬ್ಯಾಡ. ಕುಟ್ಟಿಮರಿ ಐತೆ. ಬೆದರಿಸಿದ್ರೆ ಅಮ್ಮ ನಮ್ಮ ಮ್ಯಾಲೇ ಬತ್ತದೆ. ವ್ಯಾನ್ ತಾತ ಹೇಳವ್ರೆ."

"ಸತ್ತೋರ್ನ ದಾರೀಲಿ ಕಾಯಿಸಬಾರದು, ಕಂದಾ," ಎಂದ ಕೃಷ್ಣಸಾಮಿ.

"ಅವರು ದಿನಾ ಕಾಯ್ತಿದ್ರಲ್ಲ," ಎಂದಳು ತೆನ್ಮೊಳಿ.

*

ಹೌದು, ಕಾಯುತ್ತಿದ್ದ. ಒಮ್ಮೆ ಪೇಟೆಗೆ ಹೊರಟ ಕೃಷ್ಣಸಾಮಿ ಅದೇ ವ್ಯಾನು ಹತ್ತಿದ್ದ. ತಿರುವಿನಲ್ಲಿ ಆನೆಗಳು ದಾಟುತ್ತಿದ್ದವು. ದೇವರಾಜನ್ ದೂರದಲ್ಲೇ ಎಂಜಿನ್ ಆರಿಸಿದ. ಮಕ್ಕಳೆಲ್ಲ ತಾವಾಗಿಯೇ ತುಟಿಯ ಮೇಲೆ ಬೆರಳಿಟ್ಟರು.

"ಹಾರನ್ ಹೊಡಿ ಅಣ್ಣಾ, ಬಸ್ಸು ತಪ್ತದೆ."

ದೇವರಾಜನ್ ಹಿಂದೆ ಕೂತ ಮಕ್ಕಳ ಕಡೆಗೆ ತಿರುಗಿದ. "ಹೊಡೀಲೇನ್ರಪ್ಪಾ?" ಎಲ್ಲ ತಲೆಗಳೂ ಬೇಡವೆಂದು ಆಡಿದವು.

"ಆನೆ ಬೇಕಾದಷ್ಟವೆ ಅಲ್ವಾ ತಾತಾ?" ಎಂದು ಒಬ್ಬ ಪಿಸುಗುಟ್ಟಿದ.

"ಇಲ್ಲಪ್ಪಾ, ಕಮ್ಮಿ ಆಗ್ತಾ ಅವೆ. ಅವು ನಡೆಯೋ ದಾರೀಲೆಲ್ಲ ನಾವು ಮನೆ ಕಟ್ಟಿದ್ವಿ, ಕರೆಂಟು ಬೇಲಿ ಹಾಕಿದ್ವಿ. ನಾವು ಒಂದಿಷ್ಟು ನಿಂತ್ಕಂಡ್ರೆ ಏನು ಹೋಗ್ತದೆ?"

ಆನೆಗಳು ಹೋದ ಮೇಲೂ ವ್ಯಾನು ಹೊರಡಲಿಲ್ಲ. ಮಕ್ಕಳು ಇಳಿದು ರಸ್ತೆಬದಿಯ ಚಿಪ್ಸ್ ಕವರುಗಳನ್ನೆಲ್ಲ ಆಯ್ದು ಚೀಲಕ್ಕೆ ತುಂಬಿದರು. ಉಪ್ಪಿನ ರುಚಿಗೆ ಆನೆ ಅವನ್ನೂ ನುಂಗುತ್ತದೆ, ಲದ್ದಿಯಲ್ಲಿ ಕಣ್ಣಾರೆ ಕಂಡಿದ್ದೇನೆ ಎಂದ ದೇವರಾಜನ್. ಸ್ಕೂಲಿನ ಗೇಟಿನಲ್ಲಿ ಟೀಚರ್ ಗದರಿದಾಗ ಮಕ್ಕಳ ಮುಂದೆ ತಾನು ನಿಂತು, "ಲೇಟಾದ್ದು ನನ್ನಿಂದ ಟೀಚರ್, ಆನೆಯಿಂದಲ್ಲ," ಎಂದ. ಟೀಚರ್ ಮುಖ ತಿರುಗಿಸಿ ನಕ್ಕರು. ಕೃಷ್ಣಸಾಮಿಗೆ ಮಾತ್ರ ಬಸ್ಸು ತಪ್ಪಿತು. ಅಣ್ಣನೊಡನೆ ಸಂಜೆಯವರೆಗೂ ಮುನಿಸು.

*

ಕೃಷ್ಣಸಾಮಿ ಊದುಬತ್ತಿಯ ಕಿಡಿಯನ್ನು ಮಣ್ಣಿಗೆ ಒತ್ತಿದ.

"ಎಲ್ಲಾ ಕುಂತ್ಕಳಿ," ಎಂದ.

"ಏನಪ್ಪಾ ನೀನು, ಮಕ್ಕಳ ಮಾತು ಕೇಳ್ಕಂಡು..." ಲಿಂಗಪ್ಪನ್ ಗೊಣಗಿದ. ಅಷ್ಟರಲ್ಲಿ ಮಕ್ಕಳು ಜನರ ನಡುವೆ ನುಗ್ಗಿ, "ಓಡಬ್ಯಾಡಿ, ಮೆಲ್ಲಕೆ ಹಿಂದಕ್ಕೆ ಬನ್ನಿ, ಫೋನ್ ಎತ್ತಬ್ಯಾಡಿ," ಎಂದು ಪಿಸುಗುಟ್ಟುತ್ತಾ ದೊಡ್ಡವರನ್ನು ಸರಿಸತೊಡಗಿದ್ದರು. ತಮಟೆಯವನು ತಮಟೆಯನ್ನು ಎದೆಗೆ ಅಪ್ಪಿಕೊಂಡು ಕೂತ. ಕೊನೆಗೆ ಲಿಂಗಪ್ಪನೂ ಕೂತ.

ಕೃಷ್ಣಸಾಮಿ ಅಣ್ಣನ ತಲೆಯ ಬಳಿ ಕೂತು, ಹಣೆಗೆ ಜಾರಿದ್ದ ಹೂವನ್ನು ಸರಿಪಡಿಸಿದ. ಬೆಳಗಿನಿಂದ ಓಡಾಡಿ, ಕೂಗಾಡಿ, ಅವರಿವರಿಗೆ ಫೋನು ಮಾಡಿ ದಣಿದವನಿಗೆ ಅಣ್ಣನ ಮುಖ ನೋಡಲು ಬಿಡುವಾದದ್ದು ಈಗಲೇ. ನೋಡುತ್ತಿದ್ದಂತೆ ಕಣ್ಣು ತುಂಬಿ ಬಂತು. ತೆನ್ಮೊಳಿ ಅವನ ಪಕ್ಕ ಬಂದು ಕೂತಳು.

ದಾರಿ ದಾಟುತ್ತಾ ಮರಿ ಬದಿಯ ಕಾಲುವೆಗೆ ಜಾರಿತು. ತಾಯಿ ಸೊಂಡಿಲಿನಿಂದ ಅದನ್ನು ಮೇಲಕ್ಕೆ ತಳ್ಳಿತು. ಎರಡೂ ಹುಣಸೆ ಮರಗಳಾಚೆ ಮಲೆಯ ಕಡೆಗೆ ಮರೆಯಾದವು.

ಚಟ್ಟ ಮತ್ತೆ ಹೆಗಲೇರಿತು. ಬಾಳೆಗೆ ಹಾಯಿಸಿದ ನೀರಿನಿಂದ ದಾರಿ ಒದ್ದೆಯಾಗಿತ್ತು. ಅದರ ಮೇಲೆ ತಾಯಿಯ ಅಗಲವಾದ ಹೆಜ್ಜೆಗಳು, ನಡುವೆ ತಟ್ಟೆಯಷ್ಟೇ ಇದ್ದ ಮರಿಯ ಹೆಜ್ಜೆಗಳು. ಮುಂದಿದ್ದ ಲಿಂಗಪ್ಪನ್ ಕೆಳಗೆ ನೋಡಿದ. ಭಾರದ ಚಟ್ಟವನ್ನು ಓರೆಯಾಗದಂತೆ ಹಿಡಿದು, ಆ ಪುಟ್ಟ ಹೆಜ್ಜೆಗಳನ್ನು ತುಳಿಯದೆ ಬದುವಿನ ಕಡೆಗೆ ಸರಿದು ನಡೆದ. ಹಿಂದಿನವರೂ ಹಾಗೆಯೇ ಸರಿದರು.