ಒಳ್ಳೆಯದಕ್ಕೇ ಆಯಿತು ಅನ್ನುವ ಇಂಗ್ಲಿಷು

ಕಷ್ಟ ಬಂದರೆ ನಮ್ಮ ಜನ ಅಯ್ಯೋ ಎನ್ನುತ್ತಾರೆ. ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡ್ ಹಿಂದೆ ಸ್ಪೋಕನ್ ಇಂಗ್ಲಿಷ್ ಕಲಿಸುವ ಹರಿಪ್ರಸಾದ್ ಮೇಷ್ಟ್ರ ಹತ್ತಿರ ಆ ಮಾತಿಗೆ ಜಾಗವೇ ಇಲ್ಲ. ಸೋತರೆ ಅದು ‘ಲರ್ನಿಂಗ್’, ಕೆಲಸ ಹೋದರೆ ‘ಆಪರ್ಚುನಿಟಿ’, ಮೋಡ ಕವಿದರೆ ಅದಕ್ಕೊಂದು ‘ಸಿಲ್ವರ್ ಲೈನಿಂಗ್’. ಮನೆ ಸುಟ್ಟರೂ ಚಳಿ ಬಿಟ್ಟಿತಲ್ಲ ಎನ್ನುವ ಆಸಾಮಿ.

ಅವರ ಕ್ಲಾಸಿಗೆ ಸೇರಿದ್ದ ರಂಜಿತಳಿಗೆ ಆ ಪದಗಳು ಬೇಕಿದ್ದವು. ಏರ್‌ಪೋರ್ಟಿನಲ್ಲಿ ಪ್ರಯಾಣಿಕರಿಗೆ ದಾರಿ ತೋರಿಸುವ ಕೆಲಸಕ್ಕೆ ದೇವನಹಳ್ಳಿಯಲ್ಲಿ ಇಂಟರ್‌ವ್ಯೂ ಇತ್ತು, ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇರಲಿಲ್ಲ. ಅಪ್ಪ ಆಂಜಿನಪ್ಪನ ಬಲಗೈ ಪವರ್‌ಲೂಮಿನ ಬೆಲ್ಟಿಗೆ ಸಿಕ್ಕಿ ಮೊಣಕೈವರೆಗೆ ಹೋಗಿತ್ತು. ಎಳೆ ಕಡಿದರೆ ಮಗ್ಗ ನಿಲ್ಲಿಸದೆಯೇ ಗಂಟು ಹಾಕುವುದು ಅಲ್ಲಿನ ರೂಢಿ. ಕೈಗೆ ಅಡ್ಡ ಬರುತ್ತದೆಂದು ಮಾಲೀಕ ಬೆಲ್ಟಿನ ಕವರನ್ನೇ ಬಿಚ್ಚಿಸಿದ್ದ.

ಜೀವನದ ಕಷ್ಟ ಕೇಳಿಯೇ ಕೇಳುತ್ತಾರೆ ಎಂದು ಮೇಷ್ಟ್ರು ಉತ್ತರ ಬಾಯಿಪಾಠ ಮಾಡಿಸಿದರು: ಅಪ್ಪನ ಅಪಘಾತ ‘ಬ್ಲೆಸ್ಸಿಂಗ್ ಇನ್ ಡಿಸ್‌ಗೈಸ್’, ಅದರಿಂದಲೇ ನಾನು ಸ್ವಂತ ಕಾಲ ಮೇಲೆ ನಿಂತೆ.

ಇಂಟರ್‌ವ್ಯೂನಲ್ಲಿ ರಂಜಿತ ಅದನ್ನು ಗಿಣಿಯಂತೆ ಒಪ್ಪಿಸಿದಳು. ಅಧಿಕಾರಿ ಖುಷಿಯಾದರು. ನಮ್ಮ ಕಡೆಯ ಪ್ರಯಾಣಿಕರೂ ಬರುತ್ತಾರೆ, ಅದನ್ನೇ ಕನ್ನಡದಲ್ಲಿ ಹೇಳಮ್ಮ ಎಂದರು.

“ನಮ್ಮಪ್ಪನ ಕೈ ಹೋಗಿದ್ದು ನಮ್ ಪುಣ್ಯ...”

ಅಷ್ಟಕ್ಕೇ ನಾಲಿಗೆ ನಿಂತಿತು. ಹೊರಗೆ ಬೇವಿನ ಮರದಡಿ ಅಪ್ಪ ಅಂಗಿಯ ಖಾಲಿ ತೋಳನ್ನು ಜೇಬಿಗೆ ಸಿಕ್ಕಿಸಿಕೊಂಡು ಅವಳ ಬ್ಯಾಗು ಕಾಯುತ್ತ ಕೂತಿದ್ದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮಾಲೀಕನ ಮೇಲೆ, ಮೇಷ್ಟ್ರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಅಷ್ಟು ಸಲೀಸಾಗಿ ಇಂಗ್ಲಿಷು ಉದುರಿಸಿದ ತನ್ನ ಬಾಯಿಯ ಮೇಲೆ.

“ಪುಣ್ಯ ಅಲ್ಲ ಸಾರ್. ಬೆಲ್ಟಿಗೆ ಕವರ್ ಇರ್ಲಿಲ್ಲ, ಮಾಲೀಕರು ಬಿಚ್ಚಿಸಿದ್ರು. ಅದ್ರಲ್ಲಿ ಒಳ್ಳೇದು ಏನೂ ಇಲ್ಲ.”

ಅಧಿಕಾರಿಯ ಮುಖ ಬಿಗಿದುಕೊಂಡಿತು. ಇಷ್ಟು ಸಿಟ್ಟು ಇಟ್ಟುಕೊಂಡವರನ್ನು ಪ್ರಯಾಣಿಕರ ಮುಂದೆ ನಿಲ್ಲಿಸಲಾಗದು ಎಂದರು. ಕೆಲಸ ಸಿಗದಿದ್ದುದೂ ಒಳ್ಳೆಯದಕ್ಕೇ ಅಂದುಕೊಳ್ಳಮ್ಮ ಎಂದು ಸಮಾಧಾನವನ್ನೂ ಸೇರಿಸಿದರು.

ರಂಜಿತ ಎದ್ದು ನಿಂತಳು. “ಅಷ್ಟು ಒಳ್ಳೇದಾದ್ರೆ ಆ ಒಳ್ಳೇದನ್ನ ನಿಮ್ಮನೆ ಮಕ್ಕಳಿಗೇ ಕೊಡಿ ಸಾರ್. ನಾನು ಕೇಳೋಕೆ ಬಂದಿದ್ದು ಕೆಲಸ.”

ಹೊರಗೆ ಬಂದಾಗ ಅಪ್ಪ ಏನಾಯಿತೆಂದು ಕೇಳಿದ. ಆಗಲಿಲ್ಲ ಎಂದಳು.

“ಅಯ್ಯೋ,” ಎಂದ ಆಂಜಿನಪ್ಪ.

ಬೆಳಗಿನಿಂದ ಅವಳ ಕಿವಿಗೆ ಬಿದ್ದ ಮೊದಲ ನೆಟ್ಟಗಿನ ಮಾತು ಅದು.